ಗೇಶಾ: ಕಲೆಯ ದೀಕ್ಷೆ ಮತ್ತು ಸಾಲದ ಸಂಕೋಲೆ

ಜಪಾನಿನ ಗೇಶಾ ಸ್ತ್ರೀಯರನ್ನು ಕುರಿತು ಹೊರಗಿನವರು ಬರೆದ ಕಾದಂಬರಿಗಳೂ ಪ್ರವಾಸಕಥನಗಳೂ ಹೇರಳವಾಗಿವೆ; ಆ ವೃತ್ತಿಯಲ್ಲಿ ಬದುಕಿದವರು ತಾವೇ ಬರೆದುಕೊಂಡ ಕೃತಿಗಳು ವಿರಳ. ಅಂತಹ ವಿರಳ ಕೃತಿಗಳ ಪೈಕಿ ಎರಡು ಆತ್ಮಕಥೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಒಂದು ತೊಡಕು ಎದುರಾಗುತ್ತದೆ. ಮೊದಲನೆಯದು 1957ರಲ್ಲಿ ಪ್ರಕಟವಾದ ಮಸುದಾ ಸಾಯೊ ಅವರ ಆತ್ಮಕಥೆ. ಎರಡನೆಯದು 2002ರಲ್ಲಿ ಇಂಗ್ಲಿಷಿನಲ್ಲಿ ಬಂದ ಇವಾಸಾಕಿ ಮಿನೆಕೊ ಅವರ ಆತ್ಮಕಥೆ. ಇಬ್ಬರೂ ಎಳೆಯ ವಯಸ್ಸಿನಲ್ಲಿಯೇ ಗೇಶಾ ಮನೆಯ ಹೊಸ್ತಿಲು ದಾಟಿದವರು. ಇಬ್ಬರೂ ಸಂಗೀತ, ನೃತ್ಯ, ನಡೆನುಡಿಗಳ ಅಭ್ಯಾಸ ಮಾಡಿದವರು. ಇಬ್ಬರನ್ನೂ ಜಪಾನೀ ಸಮಾಜ ಒಂದೇ ಹೆಸರಿನಿಂದ ಕರೆಯಿತು. ಆದರೂ ಒಂದು ಪುಸ್ತಕ ನಿಜವಾದರೆ ಇನ್ನೊಂದು ಸುಳ್ಳಿರಬೇಕು ಎನ್ನುವಷ್ಟು ಅಂತರ ಅವುಗಳ ನಡುವೆ ಇದೆ. ವಾಸ್ತವದಲ್ಲಿ ಎರಡೂ ನಿಜ. ಹಾಗಿದ್ದರೆ ಒಬ್ಬ ಹುಡುಗಿ ಗೇಶಾ ಆಗುವುದು ಎಂದರೆ ಏನು, ಅದಕ್ಕಾಗಿ ಅವಳು ಏನನ್ನು ಕೊಡಬೇಕಾಗುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಧ್ಯವೇ ಎಂಬುದು ವಿಚಾರಿಸಬೇಕಾದ ಸಂಗತಿ.

ಮೊದಲು ಪದದ ಅರ್ಥವನ್ನು ನೋಡಬಹುದು. ಕನ್ನಡದ ಬರಹಗಳಲ್ಲಿ ಗೀಷಾ, ಗೈಶಾ, ಗೇಶಾ ಎಂದು ನಾನಾ ರೂಪಗಳಲ್ಲಿ ಕಾಣಿಸುವ ಈ ಪದದಲ್ಲಿ ಎರಡು ಅಂಶಗಳಿವೆ. ಮೊದಲನೆಯ ಅಕ್ಷರಕ್ಕೆ 'ಕಲೆ' ಎಂದೂ ಎರಡನೆಯದಕ್ಕೆ 'ವ್ಯಕ್ತಿ' ಎಂದೂ ಅರ್ಥ. ಆದುದರಿಂದ ಗೇಶಾ ಎಂದರೆ 'ಕಲೆಯ ವ್ಯಕ್ತಿ'. ಕ್ಯೋಟೋ ನಗರದಲ್ಲಿ ಇದಕ್ಕೆ ಬದಲಾಗಿ ಗೇಕೊ ಎಂಬ ಪದವಿದೆ. ಅಲ್ಲಿ ಅಭ್ಯಾಸದ ಹಂತದಲ್ಲಿರುವ ಕಿರಿಯಳಿಗೆ ಮೈಕೊ, ಅಂದರೆ 'ನರ್ತಿಸುವ ಹುಡುಗಿ', ಎಂಬ ಹೆಸರು. ಕನ್ನಡದಲ್ಲಿ ಇದಕ್ಕೆ ಸಮಾನಪದ ಹುಡುಕುವವರು ಗಣಿಕೆ, ವೇಶ್ಯೆ, ದೇವದಾಸಿ ಎಂಬ ಪದಗಳತ್ತ ಕೈಚಾಚುವುದುಂಟು. ಕಾಮಸೂತ್ರದ ಗಣಿಕೆ ಅರವತ್ತನಾಲ್ಕು ಕಲೆಗಳಲ್ಲಿ ನಿಪುಣೆ ಎಂಬಷ್ಟರ ಮಟ್ಟಿಗೆ ಹೋಲಿಕೆ ಸಲ್ಲುತ್ತದೆ. ಆದರೆ ದೇವದಾಸಿಯ ಹಾಗೆ ಗೇಶಾ ಯಾವ ದೇವರಿಗೂ ಸಮರ್ಪಿತಳಾದವಳಲ್ಲ. ಅವಳದು ಪೂರ್ತಿಯಾಗಿ ಲೌಕಿಕ ವೃತ್ತಿ. ವೇಶ್ಯೆ ಎಂಬ ಅನುವಾದವಂತೂ ಆ ವೃತ್ತಿ ಹುಟ್ಟಿಕೊಂಡ ಬಗೆಗೇ ವಿರುದ್ಧವಾದುದು.

ಏಕೆಂದರೆ ಮೊದಲ ಗೇಶಾಗಳು ಗಂಡಸರು. ಹದಿನೇಳನೆಯ ಶತಮಾನದ ಜಪಾನಿನಲ್ಲಿ ಶೋಗುನರ ಸರ್ಕಾರ ವೇಶ್ಯಾವೃತ್ತಿಯನ್ನು ಗೋಡೆ ಕಟ್ಟಿದ ಕೇರಿಗಳ ಒಳಗೆ ಸೀಮಿತಗೊಳಿಸಿತ್ತು. ಎದೊ ನಗರದ, ಅಂದರೆ ಇಂದಿನ ಟೋಕಿಯೋದ, ಯೋಶಿವಾರಾ ಅವುಗಳಲ್ಲಿ ಬಹಳ ಪ್ರಸಿದ್ಧವಾದುದು. ಅಲ್ಲಿನ ಔತಣಗಳಲ್ಲಿ ಡೋಲು ಬಾರಿಸಿ, ಹಾಡಿ, ಹಾಸ್ಯ ಮಾಡಿ ಅತಿಥಿಗಳನ್ನು ನಗಿಸುತ್ತಿದ್ದ ಗಂಡಸರಿಗೆ ಗೇಶಾ ಎಂಬ ಹೆಸರಿತ್ತು. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಹೆಂಗಸರು ಈ ಕೆಲಸಕ್ಕೆ ಬಂದರು. ಕೆಲವೇ ದಶಕಗಳಲ್ಲಿ ಪದವೇ ಅವರದಾಯಿತು. 1779ರಲ್ಲಿ ಯೋಶಿವಾರಾದಲ್ಲಿ ಗೇಶಾಗಳ ನೋಂದಣಿ ಕಚೇರಿ ಏರ್ಪಟ್ಟಿತು. ಅವರು ಅಲ್ಲಿನ ವೇಶ್ಯೆಯರ ಗಳಿಕೆಗೆ ಅಡ್ಡಬರಬಾರದೆಂಬುದೇ ಅದರ ನಿಯಮಗಳ ಉದ್ದೇಶ. ಅವರ ಉಡುಪು ಸರಳವಾಗಿರಬೇಕು, ಅತಿಥಿಗಳಿಗೆ ತೀರ ಸಮೀಪ ಕೂರಬಾರದು ಎಂದು ವಿಧಿಸಲಾಯಿತು. ಯೋಶಿವಾರಾದ ಸುಂದರಿಯರು ಒಬಿ ಎಂಬ ನಡುಪಟ್ಟಿಯನ್ನು ಮುಂಭಾಗದಲ್ಲಿ ಗಂಟು ಹಾಕಿದರೆ ಗೇಶಾ ಅದನ್ನು ಹಿಂಭಾಗದಲ್ಲಿ ಕಟ್ಟಿದಳು. ಕಾನೂನು ಹೇರಿದ ಈ ಸರಳತೆಯೇ ಮುಂದೆ ಅಭಿರುಚಿಯ ಮಾನದಂಡವಾಯಿತು. ಹೀಗೆ ಗೇಶಾ ವೃತ್ತಿಯ ಹುಟ್ಟಿನಲ್ಲಿಯೇ 'ಕಲೆಯನ್ನು ಮಾರಬಹುದು, ದೇಹವನ್ನಲ್ಲ' ಎಂಬ ಗೆರೆಯೊಂದು ಎಳೆಯಲ್ಪಟ್ಟಿತು. ಆ ಗೆರೆ ಕಾಗದದ ಮೇಲೆ ಎಷ್ಟು ಸ್ಪಷ್ಟವಾಗಿತ್ತೋ ಬದುಕಿನಲ್ಲಿ ಅಷ್ಟು ಸ್ಪಷ್ಟವಾಗಿರಲಿಲ್ಲ ಎಂಬುದನ್ನು ಮುಂದೆ ನೋಡಲಿದ್ದೇವೆ.

ಇಂದು ಗೇಶಾ ಆಗಬಯಸುವ ಹುಡುಗಿಗೆ ಇರುವ ದಾರಿ ಕ್ಯೋಟೋದಲ್ಲಿ ಅತ್ಯಂತ ವ್ಯವಸ್ಥಿತವಾಗಿ ಉಳಿದುಬಂದಿದೆ. ಅಲ್ಲಿ ಗಿಯೋನ್ ಕೋಬು, ಗಿಯೋನ್ ಹಿಗಾಶಿ, ಮಿಯಾಗಾವಾಚೊ, ಪೊಂತೊಚೊ, ಕಾಮಿಶಿಚಿಕೆನ್ ಎಂಬ ಐದು ಗೇಶಾ ಕೇರಿಗಳಿವೆ. ಹದಿನೈದು ವರ್ಷ ತುಂಬಿ, ಕಡ್ಡಾಯ ಶಿಕ್ಷಣವಾದ ಮಾಧ್ಯಮಿಕ ಶಾಲೆಯನ್ನು ಮುಗಿಸಿದ ಹುಡುಗಿ ತಂದೆತಾಯಿಯರ ಒಪ್ಪಿಗೆಯೊಡನೆ ಒಂದು 'ಒಕಿಯ'ವನ್ನು ಸೇರುತ್ತಾಳೆ. ಒಕಿಯ ಎಂದರೆ ಗೇಶಾಗಳು ವಾಸಿಸುವ ಮನೆ. ಅದರ ಒಡತಿಯನ್ನು ಅವಳು ಅಂದಿನಿಂದ 'ಅಮ್ಮ' ಎಂದೂ ತನಗಿಂತ ಒಂದು ದಿನ ಮೊದಲು ಬಂದವಳನ್ನೂ 'ಅಕ್ಕ' ಎಂದೂ ಕರೆಯಬೇಕು. ವಯಸ್ಸು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೊಸ್ತಿಲು ದಾಟಿದ ದಿನಾಂಕವೇ ಹಿರಿತನ. ಇಪ್ಪತ್ತರ ಹುಡುಗಿ ಹದಿನೇಳರವಳಿಗೆ ಅಕ್ಕ ಎಂದು ತಲೆಬಾಗಬೇಕಾದ ಸಂದರ್ಭಗಳೂ ಇರುತ್ತವೆ.

ಮೊದಲ ಹಂತದ ಹೆಸರು ಶಿಕೋಮಿ. ಅಡುಗೆಗೆ ಸಾಮಗ್ರಿಯನ್ನು ಹದಗೊಳಿಸುವ ಪೂರ್ವಸಿದ್ಧತೆಗೂ ಜಪಾನೀ ಭಾಷೆಯಲ್ಲಿ ಇದೇ ಪದ. ಸುಮಾರು ಒಂದು ವರ್ಷ ಕಾಲ ಹುಡುಗಿ ಮನೆಯ ಕಸಮುಸುರೆ, ಅಂಗಡಿ ಓಡಾಟ, ಅಕ್ಕಂದಿರ ಉಡುಪಿನ ಆರೈಕೆಗಳಲ್ಲಿ ತೊಡಗಿರುತ್ತಾಳೆ. ರಾತ್ರಿ ಅಕ್ಕಂದಿರು ಮರಳುವವರೆಗೆ ಎಚ್ಚರವಾಗಿರುವುದೂ ಅವಳ ಕೆಲಸ. ಹಗಲಿನಲ್ಲಿ ನೃತ್ಯಾಭ್ಯಾಸ. ಇದಕ್ಕಿಂತ ಕಠಿಣವಾದುದು ಭಾಷೆಯ ಅಭ್ಯಾಸ. ಜಪಾನಿನ ನಾನಾ ಪ್ರಾಂತಗಳಿಂದ ಬಂದ ಹುಡುಗಿಯರು ತಮ್ಮ ಊರಿನ ನುಡಿಯನ್ನು ಬಿಟ್ಟು ಕ್ಯೋಟೋ ಗೇಶಾ ಕೇರಿಯ ಮೃದುವಾದ, ಎಳೆದಾಡುವ ನುಡಿಯನ್ನು ರೂಢಿಸಿಕೊಳ್ಳಬೇಕು. 'ಧನ್ಯವಾದ', 'ತಪ್ಪಾಯಿತು', 'ದಯಮಾಡಿ ನಡೆಸಿಕೊಡಿ' ಎಂಬ ಮೂರು ಮಾತುಗಳು ಮೊದಲ ಪಾಠ. ಈ ಮೂರರಲ್ಲಿ ಒಂದಾದರೂ 'ನಾನು' ಎಂಬುದನ್ನು ಒಳಗೊಂಡಿಲ್ಲ. ಮಾತೃಭಾಷೆಯ ಉಪಭಾಷೆಯನ್ನು ಕಳಚುವುದು ಬಟ್ಟೆ ಬದಲಾಯಿಸಿದಷ್ಟು ಸುಲಭವಲ್ಲವೆಂಬುದು ಭಾಷೆಯ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಹಲವರು ಮೈಕೊ ಆಗುವ ಮೊದಲೇ ಹಿಂದಿರುಗುತ್ತಾರೆ.

ಎರಡನೆಯ ಹಂತ ಮಿನರಾಯಿ. ಪದಶಃ 'ನೋಡಿ ಕಲಿಯುವುದು'. ಸುಮಾರು ಒಂದು ತಿಂಗಳು ಹುಡುಗಿ ಅಲಂಕೃತಳಾಗಿ ಅಕ್ಕನ ಹಿಂದೆ ಒಚಾಯಕ್ಕೆ, ಅಂದರೆ ಅತಿಥಿಗಳ ಕೂಟ ನಡೆಯುವ ಚಹಾಮನೆಗೆ, ಹೋಗುತ್ತಾಳೆ. ಅಲ್ಲಿ ಮಂಡಿಯೂರಿ ಬಾಗಿಲು ಸರಿಸುವ ಬಗೆ, ಸಾಕೆ ಮದ್ಯವನ್ನು ಬಟ್ಟಲಿಗೆ ಸುರಿಯುವ ಬಗೆ, ಮಾತು ನಿಂತ ಕ್ಷಣವನ್ನು ಗುರುತಿಸಿ ಅದನ್ನು ತುಂಬುವ ಬಗೆ ಇವೆಲ್ಲವನ್ನೂ ಕಣ್ಣಿನಿಂದಲೇ ಕಲಿಯಬೇಕು. ಇದಕ್ಕೆ ಪಠ್ಯಪುಸ್ತಕವಿಲ್ಲ, ಯಾರೂ ವಿವರಿಸಿ ಹೇಳುವುದೂ ಇಲ್ಲ. ಗುರುವಿನ ಬಳಿಯಿದ್ದು ಗಮನಿಸಿ ಕಲಿಯುವ ಪದ್ಧತಿಯ ಪರಿಚಯವಿರುವ ಭಾರತೀಯ ಓದುಗರಿಗೆ ಇದು ಅಪರಿಚಿತವೆನಿಸದು.

ಅನಂತರ ಬರುವುದು ಮಿಸೆದಾಶಿ ಎಂಬ ರಂಗಪ್ರವೇಶ. ಅದಕ್ಕೆ ಮುನ್ನ ಅಕ್ಕತಂಗಿಯರ ಸಂಬಂಧ ವಿಧ್ಯುಕ್ತವಾಗಬೇಕು. ಮದುವೆಯಲ್ಲಿ ವಧೂವರರು ಮೂರು ಬಟ್ಟಲುಗಳಿಂದ ಮೂರು ಮೂರು ಗುಟುಕು ಸಾಕೆಯನ್ನು ಹಂಚಿಕೊಳ್ಳುವ ವಿಧಿ ಜಪಾನಿನಲ್ಲಿದೆ. ಅದೇ ವಿಧಿಯಿಂದ ಕಿರಿಯಳನ್ನು ಹಿರಿಯಳಿಗೆ ಬೆಸೆಯಲಾಗುತ್ತದೆ. ಅಕ್ಕನ ಹೆಸರಿನ ಒಂದು ಅಕ್ಷರವನ್ನು ಸೇರಿಸಿ ತಂಗಿಗೆ ಹೊಸ ಹೆಸರನ್ನು ಇಡಲಾಗುತ್ತದೆ. ಹುಟ್ಟಿದ ಮನೆಯ ಹೆಸರು ಅಲ್ಲಿಗೆ ಮರೆಗೆ ಸರಿಯುತ್ತದೆ. ಸನ್ಯಾಸದೀಕ್ಷೆಯಲ್ಲಿಯೂ ಪೂರ್ವಾಶ್ರಮದ ಹೆಸರು ಹೋಗಿ ಗುರುಪರಂಪರೆಯನ್ನು ಸೂಚಿಸುವ ಹೆಸರು ಬರುತ್ತದೆ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಮಿಸೆದಾಶಿ ಎಂಬ ಪದದಲ್ಲಿ 'ಮಿಸೆ' ಎಂದರೆ ಅಂಗಡಿ, 'ದಾಶಿ' ಎಂದರೆ ಹೊರತೆಗೆಯುವುದು. ಅಂಗಡಿಯ ಮುಂಭಾಗಕ್ಕೆ ತರುವುದು ಎಂಬ ವ್ಯಾಪಾರದ ಧ್ವನಿ ಆ ಪದದಿಂದ ಎಂದೂ ಹೋಗಿಲ್ಲ. ಒಂದೇ ದಿನ ನಡೆಯುವ ಎರಡು ವಿಧಿಗಳಲ್ಲಿ ಒಂದರ ಭಾಷೆ ನೆಂಟಸ್ತಿಕೆಯದು, ಇನ್ನೊಂದರ ಭಾಷೆ ಮಾರುಕಟ್ಟೆಯದು. ಗೇಶಾ ಬದುಕಿನ ಒಟ್ಟು ಸ್ವರೂಪ ಈ ಎರಡು ಭಾಷೆಗಳ ನಡುವೆಯೇ ಇದೆ.

ಮೈಕೊಳ ಅಲಂಕಾರವನ್ನು ಬಲ್ಲವರು ಅದನ್ನು ಒಂದು ಬರಹದಂತೆ ಓದುತ್ತಾರೆ. ಅವಳ ಕಿಮೊನೊದ ಹೆಗಲಿನಲ್ಲಿಯೂ ತೋಳಿನಲ್ಲಿಯೂ ಮಡಿಚಿ ಹೊಲಿದ ಗೆರೆಯಿರುತ್ತದೆ. ಬೆಳೆಯುವ ಮಕ್ಕಳ ಬಟ್ಟೆಯನ್ನು ಮುಂದೆ ಬಿಚ್ಚಿ ದೊಡ್ಡದು ಮಾಡಲು ಹಾಕುವ ಮಡಿಕೆಯದು; ಮೈಕೊ ಇನ್ನೂ ಮಗು ಎಂಬುದರ ಗುರುತಾಗಿ ಉಳಿದಿದೆ. ಐದು ಮೀಟರಿಗೂ ಮಿಗಿಲಾದ ಉದ್ದನೆಯ ಒಬಿ ಬೆನ್ನಿನ ಮೇಲೆ ಇಳಿಬಿದ್ದಿರುತ್ತದೆ, ಅದರ ತುದಿಯಲ್ಲಿ ಅವಳ ಒಕಿಯದ ಲಾಂಛನ. ಈ ಒಬಿಯನ್ನು ಬಿಗಿಯಲು ಹೆಂಗಸರ ಬಲ ಸಾಲದೆಂದು ಅದಕ್ಕಾಗಿಯೇ ಪಳಗಿದ ಗಂಡಸರು ಬರುತ್ತಾರೆ. ಗೇಶಾ ಮನೆಯೊಳಗೆ ನಿತ್ಯ ಪ್ರವೇಶವಿರುವ ಗಂಡಸರು ಬಹುಮಟ್ಟಿಗೆ ಇವರೇ. ರಂಗಪ್ರವೇಶದ ಮೊದಲ ವರ್ಷ ಕೆಳತುಟಿಗೆ ಮಾತ್ರ ಕೆಂಪು. ಮುಡಿಯ ಹೂವು ತಿಂಗಳು ತಿಂಗಳಿಗೆ ಬದಲಾಗುತ್ತದೆ. ಬಿಳಿಯ ಲೇಪನ ಕತ್ತಿನ ಹಿಂಭಾಗದಲ್ಲಿ ಎರಡು ಸೀಳುಗಳನ್ನು ಬಿಟ್ಟು ಹರಡಿರುತ್ತದೆ. ವಿಶೇಷ ಸಂದರ್ಭಗಳಲ್ಲಿ ಸೀಳುಗಳು ಮೂರು.

ಕೂದಲಿನ ವಿಷಯ ಬೇರೆಯೇ ಆಗಿದೆ. ಗೇಕೊ ಆದವಳು ಕೃತಕ ಕೇಶವನ್ನು ಧರಿಸುತ್ತಾಳೆ. ಮೈಕೊಳದು ಸ್ವಂತ ಕೂದಲು. ವಾರಕ್ಕೊಮ್ಮೆ ಎಣ್ಣೆಮೇಣಗಳಿಂದ ಬಿಗಿದು ಕಟ್ಟಿದ ಮುಡಿ ಕೆಡಬಾರದೆಂದು ಅವಳು ಕತ್ತಿನಡಿ ಎತ್ತರದ ದಿಂಬಿಟ್ಟು ನಿದ್ರಿಸುತ್ತಾಳೆ. ವರ್ಷಗಟ್ಟಲೆ ಹೀಗೆ ಎಳೆದು ಕಟ್ಟಿದ ಪರಿಣಾಮವಾಗಿ ನೆತ್ತಿಯ ಕೂದಲು ಉದುರಿ ಅಲ್ಲೊಂದು ಬೋಳು ಗುರುತು ಉಳಿಯುವುದುಂಟು. ಸೌಂದರ್ಯಕ್ಕೆಂದು ಮಾಡಿದ ಅಲಂಕಾರ ದೇಹದ ಮೇಲೆ ತನ್ನ ಬೆಲೆಯನ್ನು ಬರೆದಿಟ್ಟು ಹೋಗುವುದಕ್ಕೆ ಇದೊಂದು ನಿದರ್ಶನ.

ಸುಮಾರು ಐದು ವರ್ಷಗಳ ಬಳಿಕ ಎರಿಕಾಯೆ, ಅಂದರೆ 'ಕೊರಳಪಟ್ಟಿ ಬದಲಾವಣೆ', ನಡೆಯುತ್ತದೆ. ಕಸೂತಿಯ ಕೆಂಪು ಪಟ್ಟಿ ಹೋಗಿ ಬರಿಯ ಬಿಳಿಯ ಪಟ್ಟಿ ಬರುತ್ತದೆ. ಮೈಕೊ ಗೇಕೊ ಆಗುತ್ತಾಳೆ. ಹೊರಗಿನವರ ಕಣ್ಣಿಗೆ ಗೇಕೊಳ ಉಡುಪು ಮೈಕೊಳದಕ್ಕಿಂತ ಸಪ್ಪೆ. ಆ ಕೇರಿಯ ಒಳಗಿನವರಿಗೆ ಅದರ ಅರ್ಥವೇ ಬೇರೆ. ಆಭರಣ ಕಡಿಮೆಯಾದಷ್ಟೂ ಕಲೆಯಿಂದಲೇ ಅತಿಥಿಯ ಗಮನವನ್ನು ಹಿಡಿಯಬೇಕಾಗುತ್ತದೆ. ಮೈಕೊ ಚೆಂದ ಕಂಡರೆ ಸಾಕು, ಗೇಕೊ ಬಲ್ಲವಳಾಗಿರಬೇಕು ಎಂಬುದು ಅಲ್ಲಿನ ಸಾಮಾನ್ಯ ತಿಳಿವಳಿಕೆ.

ಆ ಬಲ್ಮೆ ಎಂತಹದು? ಗೇಶಾಗಳಲ್ಲಿ ಎರಡು ಬಗೆ: ನೃತ್ಯವನ್ನು ಮುಖ್ಯವಾಗಿ ಆರಿಸಿಕೊಂಡ 'ನಿಂತವರು', ಹಾಡು ಮತ್ತು ವಾದ್ಯಗಳನ್ನು ಆರಿಸಿಕೊಂಡ 'ಕುಳಿತವರು'. ಕುಳಿತವರ ಮುಖ್ಯ ವಾದ್ಯ ಶಾಮಿಸೆನ್. ಮೂರು ತಂತಿಗಳ ಈ ವಾದ್ಯದ ಹೊದಿಕೆ ಸಾಂಪ್ರದಾಯಿಕವಾಗಿ ಬೆಕ್ಕಿನ ಚರ್ಮದ್ದಾಗಿದ್ದುದರಿಂದ ಹಿಂದೆ ಆಡುನುಡಿಯಲ್ಲಿ ಗೇಶಾಳನ್ನು 'ಬೆಕ್ಕು' ಎಂದು ಕರೆಯುತ್ತಿದ್ದರು. ಗಿಯೋನ್ ಕೋಬುವಿನಲ್ಲಿ ಕಲಿಸುವುದು ಇನೊಉಯೆ ಸಂಪ್ರದಾಯದ ನೃತ್ಯವನ್ನು ಮಾತ್ರ. ನೋ ನಾಟಕದ ಪ್ರಭಾವವಿರುವ ಈ ಸಂಪ್ರದಾಯದಲ್ಲಿ ಭಾವ ಮುಖದ ಮೇಲೆ ಕಾಣಬಾರದು. ತಗ್ಗಿಸಿದ ನಡು, ಅಳತೆಯ ಚಲನೆ, ಬೀಸಣಿಗೆಯ ತಿರುವು ಇವುಗಳಲ್ಲಿಯೇ ಎಲ್ಲವೂ ಸೂಚಿತವಾಗಬೇಕು. ಈ ಸಂಪ್ರದಾಯದ ನಾಲ್ಕನೆಯ ಇನೊಉಯೆ ಯಾಚಿಯೊ (1905–2004) ಅವರನ್ನು ಜಪಾನ್ ಸರ್ಕಾರ 1955ರಲ್ಲಿ ಸಾಂಸ್ಕೃತಿಕ ಪರಂಪರೆಯ ಧಾರಕರೆಂದು ಗೌರವಿಸಿತು. ಅಂತಹ ಗುರುಗಳ ಎದುರು ಅಭ್ಯಾಸ ಎಂದೂ ಮುಗಿಯುವುದಿಲ್ಲ. ಎಪ್ಪತ್ತು ದಾಟಿದ ಗೇಕೊ ಕೂಡ ಪಾಠಕ್ಕೆ ಹೋಗುತ್ತಾಳೆ. ವಯಸ್ಸಾದಂತೆ ಅವಳ ಗಾಯನಕ್ಕೆ ಬೆಲೆ ಹೆಚ್ಚುತ್ತದೆ. ಹೆಣ್ಣಿನ ಮುಪ್ಪನ್ನು ಅನರ್ಹತೆಯೆಂದು ಎಣಿಸದ ವೃತ್ತಿಗಳು ಹಳೆಯ ಸಮಾಜಗಳಲ್ಲಿ ವಿರಳವಾಗಿದ್ದವು ಎಂಬುದನ್ನು ನೆನೆದರೆ ಇದು ಗಮನಾರ್ಹವಾದ ಸಂಗತಿ.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಚಿತ್ರ ಮನೋಹರವಾಗಿರುತ್ತದೆ, ಅಪೂರ್ಣವೂ ಆಗಿರುತ್ತದೆ. ಏಕೆಂದರೆ ಇಷ್ಟೆಲ್ಲ ತರಬೇತಿಗೆ ಹಣ ಬೇಕು; ಆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಗೇಶಾ ಚರಿತ್ರೆಯ ಬೆನ್ನೆಲುಬು. ಒಂದು ಕಾಲದಲ್ಲಿ ಗೇಶಾಳ ಸಂಭಾವನೆಯನ್ನು ಉರಿಯುವ ಊದುಬತ್ತಿಗಳ ಲೆಕ್ಕದಲ್ಲಿ ಅಳೆಯುತ್ತಿದ್ದರು. ಇಂದಿಗೂ ಅದಕ್ಕೆ 'ಹೂವಿನ ಹಣ' ಎಂಬ ನಯವಾದ ಹೆಸರಿದೆ. ಆದರೆ ಹೂವಿನ ಹಣ ಹುಡುಗಿಯ ಕೈಸೇರುವ ಮೊದಲು ಒಕಿಯದ ಲೆಕ್ಕಪುಸ್ತಕವನ್ನು ದಾಟಬೇಕು. ಹಿಂದೆ ಬಡ ತಂದೆತಾಯಿಯರಿಗೆ ಮುಂಗಡವಾಗಿ ಕೊಟ್ಟ ಹಣ, ಅನ್ನಬಟ್ಟೆಯ ಖರ್ಚು, ಪಾಠದ ಶುಲ್ಕ, ಕಿಮೊನೊಗಳ ಬೆಲೆ ಎಲ್ಲವೂ ಹುಡುಗಿಯ ಹೆಸರಿನಲ್ಲಿ ಸಾಲವಾಗಿ ಬರೆಯಲ್ಪಡುತ್ತಿತ್ತು. ಕಲೆಯಲ್ಲಿ ಅವಳು ಮುಂದುವರಿದಷ್ಟೂ ಉಡುಪು ಬೆಲೆಬಾಳುವಂತಾಗುತ್ತಿತ್ತು, ಸಾಲವೂ ಬೆಳೆಯುತ್ತಿತ್ತು.

ಈ ಸಾಲದ ಪ್ರಶ್ನೆ ಜಪಾನಿನ ಆಡಳಿತವನ್ನು ಮೊದಲು ಮುಜುಗರಕ್ಕೆ ಈಡುಮಾಡಿದ್ದು 1872ರಲ್ಲಿ. ಮರಿಯಾ ಲೂಸ್ ಎಂಬ ಪೆರು ದೇಶದ ಹಡಗು ಚೀನಾದ ಕೂಲಿಗಳನ್ನು ಹೊತ್ತು ಯೊಕೊಹಾಮಾ ಬಂದರಿಗೆ ಬಂದಿತ್ತು. ಹಡಗಿನಲ್ಲಿನ ಕ್ರೌರ್ಯ ಬೆಳಕಿಗೆ ಬಂದು ವಿಚಾರಣೆ ನಡೆದಾಗ, ಜಪಾನಿನಲ್ಲಿಯೇ ಹೆಣ್ಣುಮಕ್ಕಳನ್ನು ಒಪ್ಪಂದದ ಮೇಲೆ ಮಾರುವ ಪದ್ಧತಿ ಇರುವಾಗ ಈ ಕೂಲಿಗಳ ಒಪ್ಪಂದ ಹೇಗೆ ಅಕ್ರಮವಾದೀತು ಎಂದು ಹಡಗಿನ ಕಪ್ತಾನನ ಪರವಾಗಿ ವಾದ ಮಂಡಿಸಲಾಯಿತು. ಉತ್ತರಿಸಲಾಗದ ಸರ್ಕಾರ ಅದೇ ವರ್ಷ ವೇಶ್ಯೆಯರನ್ನೂ ಗೇಶಾಗಳನ್ನೂ ಒಪ್ಪಂದದಿಂದ ಬಿಡುಗಡೆಗೊಳಿಸುವ ಆಜ್ಞೆ ಹೊರಡಿಸಿತು. ಅವರ ಮೇಲಿನ ಸಾಲವನ್ನು ಏಕೆ ವಸೂಲು ಮಾಡಬಾರದು ಎಂಬುದಕ್ಕೆ ನ್ಯಾಯ ಇಲಾಖೆ ಕೊಟ್ಟ ವಿವರಣೆ ವಿಚಿತ್ರವಾದುದು: ಈ ಹೆಂಗಸರು ಮನುಷ್ಯರ ಹಕ್ಕನ್ನು ಕಳೆದುಕೊಂಡು ದನಕುದುರೆಗಳಿಗೆ ಸಮಾನರಾಗಿದ್ದಾರೆ, ದನಕುದುರೆಗಳಿಂದ ಯಾರೂ ಸಾಲದ ಹಣವನ್ನು ಕೇಳಲಾರರು. ಆದುದರಿಂದಲೇ ಜನರ ಬಾಯಲ್ಲಿ ಆ ಆಜ್ಞೆಗೆ 'ದನಕುದುರೆಗಳ ಬಿಡುಗಡೆ' ಎಂಬ ಹೆಸರು ಬಂತು. ಬಿಡುಗಡೆಯ ಭಾಷೆಯೇ ಇಷ್ಟು ಅವಮಾನಕರವಾಗಿದ್ದಾಗ ಬಿಡುಗಡೆ ನೆಲೆಯೂರದೆ ಹೋದದ್ದು ಆಶ್ಚರ್ಯವಲ್ಲ. ಬದುಕಲು ಬೇರೆ ದಾರಿಯಿಲ್ಲದ ಹೆಂಗಸರು 'ಸ್ವಇಚ್ಛೆ'ಯಿಂದ ಅದೇ ಮನೆಗಳಿಗೆ ಮರಳಿದರು. ಮಾರಾಟ ಎಂಬ ಪದ ಹೋಗಿ ಮುಂಗಡ ಎಂಬ ಪದ ಬಂತು.

ಹೀಗೆ ಮುಂಗಡದ ಹೆಸರಿನಲ್ಲಿ ಮಾರಲ್ಪಟ್ಟವರಲ್ಲಿ ಮಸುದಾ ಸಾಯೊ ಒಬ್ಬರು. 1925ರಲ್ಲಿ ನಾಗಾನೊ ಪ್ರಾಂತದಲ್ಲಿ ಹುಟ್ಟಿದ ಅವರು ಶಾಲೆಯ ವಯಸ್ಸಿಗೆ ಮೊದಲೇ ಜಮೀನುದಾರನೊಬ್ಬನ ಮನೆಯಲ್ಲಿ ಕೂಸು ಹೊರುವ ಕೆಲಸಕ್ಕೆ ಸೇರಿಸಲ್ಪಟ್ಟರು. ಚಳಿಗಾಲದಲ್ಲಿ ಒಂದು ಪಾದವನ್ನು ಇನ್ನೊಂದು ಕಾಲಿಗೆ ಒತ್ತಿಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತ ಒಂಟಿಕಾಲಿನಲ್ಲಿ ನಿಲ್ಲುತ್ತಿದ್ದ ಆ ಮಗುವನ್ನು ಎಲ್ಲರೂ 'ಕೊಕ್ಕರೆ' ಎಂದು ಕರೆದರು. ತನಗೊಂದು ನಿಜವಾದ ಹೆಸರಿದೆ ಎಂಬುದೇ ಆಕೆಗೆ ಬಹಳ ಕಾಲ ತಿಳಿದಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಸುವಾ ಎಂಬ ಬಿಸಿನೀರ ಬುಗ್ಗೆಗಳ ಊರಿನ ಗೇಶಾ ಮನೆಗೆ ಮಾರಾಟ. ಅಲ್ಲಿಯೂ ಶಾಮಿಸೆನ್ ಪಾಠವಿತ್ತು, ನೃತ್ಯವಿತ್ತು. ತಪ್ಪಿದರೆ ಏಟೂ ಇತ್ತು. ಆದರೆ ಬಿಸಿನೀರ ಬುಗ್ಗೆಯ ಊರಿಗೆ ಬರುತ್ತಿದ್ದ ಗಿರಾಕಿಗಳಿಗೆ ಬೇಕಾಗಿದ್ದುದು ಕಲೆಯಲ್ಲ. ಕನ್ಯತ್ವದ ಮಾರಾಟ, ಹಣವಂತ ಪೋಷಕನ ಅಧೀನದ ಬದುಕು ಇವನ್ನು ಮಸುದಾ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹದಿನೆಂಟನೆಯ ಶತಮಾನದಲ್ಲಿ ಎಳೆದ ಗೆರೆ ಇಲ್ಲಿ ಅಳಿಸಿಹೋಗಿತ್ತು.

ಇವಾಸಾಕಿ ಮಿನೆಕೊ ಅವರದು ಇದಕ್ಕೆ ತದ್ವಿರುದ್ಧವಾದ ಲೋಕ. 1949ರಲ್ಲಿ ಕ್ಯೋಟೋದಲ್ಲಿ ಹುಟ್ಟಿದ ಅವರು ಐದನೆಯ ವಯಸ್ಸಿನಲ್ಲಿ ಗಿಯೋನ್ ಕೋಬುವಿನ ಪ್ರತಿಷ್ಠಿತ ಒಕಿಯಕ್ಕೆ ಬಂದರು. ಆದರೆ ಸಾಲಗಾರಳಾಗಿ ಅಲ್ಲ, ಮನೆಯ ಉತ್ತರಾಧಿಕಾರಿಯಾಗಿ. ಆರನೆಯ ವಯಸ್ಸಿನಲ್ಲಿ ಇನೊಉಯೆ ಸಂಪ್ರದಾಯದ ನೃತ್ಯಾಭ್ಯಾಸ, ಹದಿನೈದರಲ್ಲಿ ರಂಗಪ್ರವೇಶ, ಅನಂತರ ಜಪಾನಿನ ಅತ್ಯಂತ ಪ್ರಸಿದ್ಧ ಗೇಕೊಗಳಲ್ಲಿ ಒಬ್ಬರೆಂಬ ಖ್ಯಾತಿ. ಕನ್ಯತ್ವದ ಮಾರಾಟ ತಮ್ಮ ಲೋಕದಲ್ಲಿ ಇರಲಿಲ್ಲವೆಂದು ಅವರು ಖಡಾಖಂಡಿತವಾಗಿ ಹೇಳುತ್ತಾರೆ. ಅಮೆರಿಕದ ಆರ್ಥರ್ ಗೋಲ್ಡನ್ 1997ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಗಾಗಿ ಸಂದರ್ಶನ ಕೊಟ್ಟವರಲ್ಲಿ ಅವರೂ ಒಬ್ಬರು. ತಮ್ಮ ಹೆಸರನ್ನು ಬಹಿರಂಗಪಡಿಸಿ ನಂಬಿಕೆ ಮುರಿದರೆಂದೂ ಗೇಶಾ ಬದುಕನ್ನು ವಿಕೃತವಾಗಿ ಚಿತ್ರಿಸಿದರೆಂದೂ ಅವರು 2001ರಲ್ಲಿ ದಾವೆ ಹೂಡಿದರು. 2003ರಲ್ಲಿ ಅದು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಅವರ ಸ್ವಂತ ಆತ್ಮಕಥೆ ಈ ವಿವಾದದ ನಡುವೆ, ಒಂದರ್ಥದಲ್ಲಿ ಕಾದಂಬರಿಗೆ ಉತ್ತರವಾಗಿ ಬಂದುದು.

ಇಷ್ಟಾದರೂ ಇವಾಸಾಕಿ ಅವರ ಬದುಕಿನಲ್ಲಿ ಎಲ್ಲವೂ ಸುಗಮವಾಗಿರಲಿಲ್ಲ. ಆ ವ್ಯವಸ್ಥೆಯ ಹಳೆಯ ಕಟ್ಟುಗಳು ಸಡಿಲಗೊಳ್ಳಬೇಕೆಂದು ಬಯಸಿ, ಅದು ಆಗದೆ, ಕೀರ್ತಿಯ ಶಿಖರದಲ್ಲಿದ್ದಾಗಲೇ 1980ರಲ್ಲಿ ಅವರು ವೃತ್ತಿಯನ್ನು ತೊರೆದರು. ಗೇಶಾ ನಿವೃತ್ತಳಾಗುವಾಗ ತನ್ನ ಬಳಗಕ್ಕೆ ಅನ್ನವನ್ನು ಹಂಚುವ ರೂಢಿ ಕ್ಯೋಟೋದಲ್ಲಿದೆ. ಅನ್ನ ಪೂರ್ತಿ ಬಿಳಿಯದಾಗಿದ್ದರೆ ಇನ್ನು ಮರಳುವುದಿಲ್ಲ ಎಂದೂ ಕೆಂಪು ಬೆರೆತಿದ್ದರೆ ಮರಳಲೂಬಹುದು ಎಂದೂ ಅರ್ಥ. ಹೊರಬರುವುದಕ್ಕೂ ಒಂದು ವಿಧಿಯಿದೆ, ಆ ವಿಧಿಯನ್ನು ತಾನೇ ಆರಿಸಿಕೊಳ್ಳಬಹುದು ಎಂಬುದೇ ಮಸುದಾ ಅವರಿಗೆ ಇಲ್ಲದಿದ್ದ, ಇವಾಸಾಕಿ ಅವರಿಗೆ ಇದ್ದ ಸೌಭಾಗ್ಯ. ಶಿಸ್ತು ಇಬ್ಬರಿಗೂ ಇತ್ತು. ನಿದ್ರೆಗೆಟ್ಟ ರಾತ್ರಿಗಳು ಇಬ್ಬರಿಗೂ ಇದ್ದವು. ಶಿಸ್ತನ್ನು ಕಲೆಯಾಗಿಸಿದ್ದು, ಅಥವಾ ಸೆರೆಯಾಗಿಸಿದ್ದು, ಬಾಗಿಲು ಒಳಗಿನಿಂದ ತೆರೆಯುತ್ತಿತ್ತೇ ಇಲ್ಲವೇ ಎಂಬ ಸಂಗತಿ.

ಈ ಎರಡು ದೃಷ್ಟಿಗಳ ನಡುವೆ ಮೂರನೆಯ ದೃಷ್ಟಿಯೊಂದನ್ನು ಕಾದಂಬರಿಕಾರ್ತಿ ಕೋದಾ ಆಯಾ ಒದಗಿಸಿದ್ದಾರೆ. ಅವರು 1951ರಲ್ಲಿ ಟೋಕಿಯೋದ ಯಾನಾಗಿಬಾಶಿಯ ಗೇಶಾ ಮನೆಯೊಂದರಲ್ಲಿ ಕೆಲಸದಾಕೆಯಾಗಿ ಕೆಲ ಕಾಲ ದುಡಿದರು. ಆ ಅನುಭವದಿಂದ ಹುಟ್ಟಿದ 'ನಾಗಾರೆರು' ಕಾದಂಬರಿಯನ್ನು ನಿರ್ದೇಶಕ ನಾರುಸೆ ಮಿಕಿಯೊ 1956ರಲ್ಲಿ ಚಲನಚಿತ್ರವಾಗಿಸಿದರು. ಅಡುಗೆಮನೆಯ ಕಡೆಯಿಂದ ನೋಡಿದಾಗ ಒಕಿಯದ ಒಡತಿಯೂ ಸಾಲದಲ್ಲಿ ಮುಳುಗಿದವಳೇ ಎಂಬುದು ಅಲ್ಲಿ ಕಾಣುತ್ತದೆ. ಶೋಷಕಿ ಯಾರು, ಶೋಷಿತೆ ಯಾರು ಎಂದು ಸುಲಭವಾಗಿ ಬೆರಳು ಮಾಡಲು ಬಿಡದ ಕೃತಿಯದು.

ಎರಡನೆಯ ಮಹಾಯುದ್ಧದ ಅನಂತರ ಕಾನೂನು ಬಲವಾಗಿ ನಡುವೆ ಬಂತು. 1947ರ ಶಾಸನಗಳು ಮಕ್ಕಳ ದುಡಿಮೆಯನ್ನು ನಿರ್ಬಂಧಿಸಿದವು. 1955ರಲ್ಲಿ ಜಪಾನಿನ ಸರ್ವೋಚ್ಚ ನ್ಯಾಯಾಲಯ, ಮಗಳನ್ನು ಮದ್ಯದಂಗಡಿಯ ದುಡಿಮೆಗೆ ಒತ್ತೆಯಿಟ್ಟು ತಂದೆ ಪಡೆದ ಮುಂಗಡದ ಪ್ರಕರಣವೊಂದರಲ್ಲಿ ಒಪ್ಪಂದ ಪೂರ್ತಿಯಾಗಿ ಅಸಿಂಧುವೆಂದೂ ಹಣವನ್ನು ಹಿಂದಿರುಗಿಸಬೇಕಾಗಿಲ್ಲವೆಂದೂ ತೀರ್ಪಿತ್ತಿತು. 1956ರ ವೇಶ್ಯಾವೃತ್ತಿ ತಡೆ ಕಾಯಿದೆ 1958ರಿಂದ ಶಿಕ್ಷಾರ್ಹ ರೂಪದಲ್ಲಿ ಜಾರಿಯಾಯಿತು. ಆ ಕಾಯಿದೆಯ ಬಗೆಗೆ ಮಸುದಾ ಅವರ ನಿಲುವು ಓದುಗರ ನಿರೀಕ್ಷೆಗೆ ವಿರುದ್ಧವಾಗಿದೆ. ಬೇರೊಂದು ಜೀವನೋಪಾಯವನ್ನು ಕಲ್ಪಿಸದೆ ವೃತ್ತಿಯನ್ನು ಮಾತ್ರ ನಿಷೇಧಿಸಿದರೆ ಬಡ ಹೆಂಗಸು ಇನ್ನೂ ಕತ್ತಲಿಗೆ ತಳ್ಳಲ್ಪಡುತ್ತಾಳೆ ಎಂಬುದು ಅವರ ವಾದ. 1872ರ ಬಿಡುಗಡೆ ಏಕೆ ಸೋತಿತೆಂಬುದನ್ನು ಚರಿತ್ರೆಯ ಪುಸ್ತಕ ಓದದೆಯೇ ಅವರು ಬಲ್ಲವರಾಗಿದ್ದರು.

1920ರ ದಶಕದಲ್ಲಿ ಜಪಾನಿನಾದ್ಯಂತ ಸುಮಾರು 80,000ದಷ್ಟಿದ್ದ ಗೇಶಾಗಳ ಸಂಖ್ಯೆ ಇಂದು ಸಾವಿರದ ಆಸುಪಾಸಿಗೆ ಇಳಿದಿದೆ. ಈಗ ಬರುವವರು ಮಾರಲ್ಪಟ್ಟವರಲ್ಲ. ಚಿತ್ರಪಟ, ಪ್ರದರ್ಶನಗಳನ್ನು ನೋಡಿ ತಾವಾಗಿಯೇ ಬಯಸಿ ಬಂದವರು. ಆದರೂ ಲೆಕ್ಕಪುಸ್ತಕದ ನೆರಳು ಪೂರ್ತಿ ಹೋಗಿಲ್ಲ. ಐದಾರು ವರ್ಷಗಳ ಒಪ್ಪಂದದ ಅವಧಿಯಲ್ಲಿ ಮೈಕೊಳ ಊಟ, ಉಡುಪು, ಪಾಠಗಳ ವೆಚ್ಚವನ್ನು ಒಕಿಯ ಭರಿಸುತ್ತದೆ. ಅವಳಿಗೆ ಸಂಬಳವಿಲ್ಲ, ಕೈಖರ್ಚಿಗೆ ಸ್ವಲ್ಪ ಹಣ ಮಾತ್ರ. ರಜೆ ತಿಂಗಳಿಗೆ ಎರಡು ದಿನದಷ್ಟು; ಅನೇಕ ಮನೆಗಳಲ್ಲಿ ಮೊಬೈಲ್ ಫೋನಿಗೂ ಅವಕಾಶವಿಲ್ಲ. 2022ರಲ್ಲಿ ಮಾಜಿ ಮೈಕೊ ಒಬ್ಬರು, ಕಾನೂನಿನ ವಯಸ್ಸು ತುಂಬುವ ಮೊದಲೇ ತಮಗೆ ಮದ್ಯ ಕುಡಿಸಲಾಯಿತೆಂದೂ ಗಿರಾಕಿಗಳೊಡನೆ ಸ್ನಾನಕ್ಕೆ ಒತ್ತಾಯಿಸಲಾಯಿತೆಂದೂ ಸಾಮಾಜಿಕ ಜಾಲತಾಣದಲ್ಲಿ ಬಹಿರಂಗವಾಗಿ ಆರೋಪಿಸಿದಾಗ ಜಪಾನಿನಲ್ಲಿ ದೊಡ್ಡ ಚರ್ಚೆ ಎದ್ದಿತು. ಕಲಿಯುವವಳೋ ದುಡಿಯುವವಳೋ, ಮನೆಮಗಳೋ ನೌಕರಳೋ ಎಂಬ ಪ್ರಶ್ನೆ ಮೈಕೊಳ ವಿಷಯದಲ್ಲಿ ಇಂದಿಗೂ ಉಳಿದಿದೆ. 'ಅಮ್ಮ', 'ಅಕ್ಕ' ಎಂಬ ಸಂಬೋಧನೆಗಳು ಕಷ್ಟದಲ್ಲಿ ಆಸರೆಯಾಗಬಲ್ಲವು. ದೂರು ಹೇಳಬೇಕಾದಾಗ ಬಾಯಿ ಕಟ್ಟಲೂ ಬಲ್ಲವು.

ಮತ್ತೆ ಮಸುದಾ ಅವರಲ್ಲಿಗೆ ಬರಬೇಕು. ಗೇಶಾ ಬದುಕನ್ನು ಬಿಟ್ಟ ಮೇಲೆ ಅವರು ಯುದ್ಧಾನಂತರದ ಹಸಿವಿನ ದಿನಗಳಲ್ಲಿ ಸಣ್ಣಪುಟ್ಟ ವ್ಯಾಪಾರ, ಕೂಲಿಗಳಿಂದ ತಮ್ಮನನ್ನು ಸಾಕಿದರು. ಆ ತಮ್ಮ ಕಾಯಿಲೆ ಬಿದ್ದು, ಅಕ್ಕನಿಗೆ ಹೊರೆಯಾಗಬಾರದೆಂದು ಪ್ರಾಣ ಕಳೆದುಕೊಂಡ. ಶಾಲೆಯ ಮುಖ ಕಾಣದ ಅವರು ದೊಡ್ಡವರಾದ ಮೇಲೆ ಜಪಾನೀ ಲಿಪಿಗಳಲ್ಲಿ ಮಕ್ಕಳು ಮೊದಲು ಕಲಿಯುವ ಹಿರಾಗಾನಾವನ್ನು ಮಾತ್ರ ಹೇಗೋ ಕಲಿತರು. ಒಂದು ಮಹಿಳಾ ಪತ್ರಿಕೆ ನಿಜಜೀವನದ ಕಥನಗಳಿಗಾಗಿ ಏರ್ಪಡಿಸಿದ್ದ ಸ್ಪರ್ಧೆಗೆ ಆ ಲಿಪಿಯಲ್ಲಿಯೇ ತಮ್ಮ ಕಥೆಯನ್ನು ಬರೆದು ಕಳುಹಿಸಿದರು. ಅದು ಬಹುಮಾನ ಪಡೆಯಿತು, ಬೆಳೆದು ಪುಸ್ತಕವಾಯಿತು. 2003ರಲ್ಲಿ ಇಂಗ್ಲಿಷಿಗೂ ಬಂತು. 2008ರಲ್ಲಿ ಅವರು ತೀರಿಕೊಂಡರು.

ಗೇಶಾ ಮನೆ ಅವರಿಗೆ ಶಾಮಿಸೆನ್ ಕಲಿಸಿತು, ನಗುವನ್ನು ಕಲಿಸಿತು, ಅಕ್ಷರವನ್ನು ಕಲಿಸಲಿಲ್ಲ. 'ಕಲೆಯ ವ್ಯಕ್ತಿ' ಎಂಬ ಹೆಸರನ್ನು ಹೊತ್ತು ದುಡಿದ ವರ್ಷಗಳಲ್ಲಿ ಆ ಹೆಸರಿನ ಅರ್ಥ ಅವರ ಪಾಲಿಗೆ ಬರಲಿಲ್ಲ. ಅದನ್ನು ಬಿಟ್ಟು ಬಂದು, ಮಕ್ಕಳ ಲಿಪಿಯಲ್ಲಿ ತಮ್ಮ ಬದುಕನ್ನು ತಮ್ಮದೇ ಹೆಸರಿನಲ್ಲಿ ಬರೆದಾಗ ಬಂತು. ಇವಾಸಾಕಿ ಅವರ ಪುಸ್ತಕ ಗೇಶಾ ಕಲೆ ಎಷ್ಟು ಎತ್ತರಕ್ಕೆ ಏರಬಲ್ಲುದು ಎಂಬುದನ್ನು ತಿಳಿಸುತ್ತದೆ. ಆ ಎತ್ತರವನ್ನು ಮೆಚ್ಚುವ ಓದುಗರು ಮಸುದಾ ಅವರ ಪುಸ್ತಕವನ್ನೂ ಜೊತೆಗಿಟ್ಟುಕೊಂಡು ಓದಬೇಕು. ಎರಡರಲ್ಲಿ ಒಂದನ್ನು ಬಿಟ್ಟು ಓದಿದರೆ ಗೇಶಾ ಎಂಬ ಪದದ ಅರ್ಧ ಮಾತ್ರ ತ��ಳಿದಂತಾಗುತ್ತದೆ.